ಮಾರಲು ಏನೂ ಇಲ್ಲದಿದ್ದಾಗಲೂ ಬರುತ್ತಿದ್ದವರು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ನಿಧನ ವಾರ್ತೆಗಳ ನಡುವೆ ಕಳೆದ ತಿಂಗಳು ನಾಲ್ಕು ಸಾಲಿನ ಸುದ್ದಿಯೊಂದು ಪ್ರಕಟವಾಗಿತ್ತು. ಖಾಸಗಿ ಕಂಪನಿಯ ನಿವೃತ್ತ ಮಾರಾಟ ಪ್ರತಿನಿಧಿಯೊಬ್ಬರು ವಯೋಸಹಜ ಅನಾರೋಗ್ಯದಿಂದ ನಿಧನರಾದರು, ಅವರಿಗೆ ಪತ್ನಿ, ಇಬ್ಬರು ಮಕ್ಕಳು, ಮೊಮ್ಮಕ್ಕಳು ಹಾಗೂ ಅಪಾರ ಬಂಧುಬಳಗವಿದೆ ಎಂಬುದು ಅದರ ಸಾರಾಂಶ. ಸುದ್ದಿಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅವರ ಜೊತೆಯಲ್ಲಿ ಊರೂರು ಸುತ್ತಿ ಈ ಕೆಲಸ ಕಲಿತ ನನ್ನಂಥವರಿಗೆ ಆ ಬದುಕಿನ ಬಗ್ಗೆ ಇನ್ನಷ್ಟು ಹೇಳಬೇಕಿತ್ತು ಎನ್ನಿಸಿತು. ಅವರ ಮನೆಯವರ ಒಪ್ಪಿಗೆ ಪಡೆದು, ಅವರ ಇಚ್ಛೆಯಂತೆಯೇ ಹೆಸರನ್ನು ಬಿಟ್ಟು, ಈ ಪತ್ರ ಬರೆಯುತ್ತಿದ್ದೇನೆ. ಕೊನೆಯಲ್ಲಿ ತಮ್ಮಲ್ಲಿ ಒಂದು ಕೋರಿಕೆಯೂ ಇದೆ.

ಶಿಕ್ಷಕರು ತೀರಿಕೊಂಡರೆ ಅವರ ವಿದ್ಯಾರ್ಥಿಗಳು ಇರುತ್ತಾರೆ. ಎಂಜಿನಿಯರು ತೀರಿಕೊಂಡರೆ ಅವರು ಕಟ್ಟಿಸಿದ ಸೇತುವೆಯ ಮೇಲೆ ಜನ ಓಡಾಡುತ್ತಿರುತ್ತಾರೆ. ಮಾರಾಟ ಪ್ರತಿನಿಧಿಯ ದುಡಿಮೆಗೆ ಅಂಥ ಗುರುತು ಉಳಿಯುವುದಿಲ್ಲ. ಅವನು ಮಾರಿದ ಸರಕು ಖರ್ಚಾಗಿ ಹೋಗುತ್ತದೆ. ತಿಂಗಳ ಕೊನೆಯ ದಿನ ರಾತ್ರಿಯವರೆಗೆ ಓಡಾಡಿ ಟಾರ್ಗೆಟ್ ಮುಟ್ಟಿದರೂ ಮರುದಿನ ಬೆಳಿಗ್ಗೆ ಲೆಕ್ಕ ಮತ್ತೆ ಸೊನ್ನೆಯಿಂದಲೇ ಆರಂಭವಾಗುತ್ತದೆ. ಇಡೀ ವೃತ್ತಿಜೀವನವನ್ನು ಹೀಗೆ ತಿಂಗಳು ತಿಂಗಳಿಗೆ ಅಳಿಸಿಹೋಗುವ ಅಂಕಿಗಳಲ್ಲಿ ಕಳೆದವರು ಕೊನೆಗೆ ಎಲ್ಲಿ ಉಳಿಯುತ್ತಾರೆ ಎಂದು ಕೇಳಿದರೆ, ಅವರೊಡನೆ ವ್ಯವಹರಿಸಿದವರ ನೆನಪಿನಲ್ಲಿ ಎನ್ನುವುದೊಂದೇ ಉತ್ತರ. ಆ ನೆನಪನ್ನು ಯಾರಾದರೂ ಬರೆದಿಡದಿದ್ದರೆ ಅದೂ ಆ ತಲೆಮಾರಿನೊಡನೆ ಹೋಗಿಬಿಡುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಕಂಪನಿಯ ಪದ್ಧತಿಯಂತೆ, ಅನುಭವಿಯಾದ ಅವರೊಡನೆ ನನ್ನನ್ನು ಮಾರ್ಕೆಟ್‌ಗೆ ಕಳುಹಿಸಿದರು. ಸರಕಿನ ಗುಣಗಳು, ಎದುರಾಳಿ ಕಂಪನಿಯ ದರ, ರಿಯಾಯಿತಿಯ ಯೋಜನೆಗಳನ್ನೆಲ್ಲ ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದರು. ಅವರು ಕಲಿಸಿದ್ದು ಅದಾವುದನ್ನೂ ಅಲ್ಲ. ಅಂಗಡಿಯಲ್ಲಿ ಗಿರಾಕಿ ಇರುವಾಗ ಬ್ಯಾಗು ತೆರೆಯಬಾರದು, ಹೊರಗೆ ನಿಂತು ಕಾಯಬೇಕು; ಏಕೆಂದರೆ ಆ ಹೊತ್ತಿನಲ್ಲಿ ಅಂಗಡಿಯವರ ಅನ್ನ ಆ ಗಿರಾಕಿಯ ಕೈಯಲ್ಲಿರುತ್ತದೆ, ನಮ್ಮ ಕೈಯಲ್ಲಲ್ಲ ಎಂಬುದು ಅವರ ಮೊದಲ ಪಾಠ. ಎರಡನೆಯದು ಇನ್ನೂ ಕಟ್ಟುನಿಟ್ಟಿನದು: ಬಾಕಿ ಹಣವನ್ನು ಎಂದೂ ಮೂರನೆಯವರ ಎದುರಿಗೆ ಕೇಳಬಾರದು. ವಸೂಲಿಯ ಒತ್ತಡ ಎಷ್ಟೇ ಇರಲಿ, ಮ್ಯಾನೇಜರು ಎಷ್ಟೇ ಸಲ ಫೋನ್ ಮಾಡಿರಲಿ, ಅಂಗಡಿಯ ಕೆಲಸದ ಹುಡುಗ ಎದುರಿಗಿದ್ದರೂ ಅವರು ಆ ವಿಷಯ ಎತ್ತುತ್ತಿರಲಿಲ್ಲ. ತನ್ನ ಕೈಕೆಳಗಿನವನ ಎದುರು ಸಾಲಗಾರನೆನಿಸಿಕೊಂಡ ಯಜಮಾನ ಹಣವನ್ನು ಕೊಟ್ಟರೂ ಆ ಮಾತನ್ನು ಮರೆಯುವುದಿಲ್ಲ ಎಂದು ಹೇಳುತ್ತಿದ್ದರು. ಅವರ ಏರಿಯಾದಲ್ಲಿ ಮುಳುಗಿಹೋದ ಬಾಕಿ ಬಹಳ ಕಡಿಮೆ ಇತ್ತೆಂಬುದು ನಮ್ಮ ಬ್ರಾಂಚಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅದಕ್ಕೆ ಕಾರಣ ಈ ನಡವಳಿಕೆಯೇ ಎಂದು ನಾನು ಇಂದಿಗೂ ನಂಬಿದ್ದೇನೆ.

ತಿಂಗಳ ಕೊನೆಯ ವಾರದಲ್ಲಿ ಅಂಗಡಿಗಳಿಗೆ ಬೇಕಾದದ್ದಕ್ಕಿಂತ ಹೆಚ್ಚು ಮಾಲು ತುಂಬಿಸಿ ಗುರಿ ಮುಟ್ಟುವುದು ಈ ವೃತ್ತಿಯಲ್ಲಿ ಹಳೆಯ ಅಭ್ಯಾಸ. ಕಾಗದದ ಮೇಲೆ ಅದು ಮಾರಾಟ. ನಿಜದಲ್ಲಿ ಅದು ಕಂಪನಿಯ ಗೋದಾಮಿನ ಹೊರೆಯನ್ನು ಸಣ್ಣ ವ್ಯಾಪಾರಿಯ ತಲೆಯ ಮೇಲೆ ಇಳಿಸುವುದು. ಅವಧಿ ಮೀರಿದ ಸರಕು ವಾಪಸ್ ಬರುವಾಗ, ಬಂಡವಾಳ ಕಟ್ಟಿಹೋಗಿ ಅಂಗಡಿಯವರು ಇನ್ನೊಬ್ಬರಲ್ಲಿ ಕೈಚಾಚುವಾಗ, ಆ ಪ್ರತಿನಿಧಿಗೆ ಬೇರೆ ಏರಿಯಾಕ್ಕೆ ವರ್ಗವಾಗಿರುತ್ತದೆ. ನಮ್ಮ ಹಿರಿಯರು ಈ ಕೆಲಸವನ್ನು ಮಾಡಲಿಲ್ಲ. ಅಂಗಡಿಯ ಕಪಾಟನ್ನು ತಾವೇ ನೋಡಿ, ಹಿಂದಿನ ಸಲದ ಮಾಲು ಎಷ್ಟು ಉಳಿದಿದೆ ಎಂದು ಎಣಿಸಿ, ಅದಕ್ಕೆ ತಕ್ಕಷ್ಟೇ ಆರ್ಡರ್ ಬರೆದುಕೊಳ್ಳುತ್ತಿದ್ದರು. ಅಂಗಡಿಯವರು ಉತ್ಸಾಹದಿಂದ ಹೆಚ್ಚು ಹೇಳಿದರೆ ತಾವೇ ಕಡಿಮೆ ಮಾಡಿಸುತ್ತಿದ್ದರು. ಇದರಿಂದ ಅವರಿಗೆ ತಪ್ಪಿದ ಇನ್ಸೆಂಟಿವ್ ಸಣ್ಣದಲ್ಲ. ಬಡ್ತಿಯೂ ಒಮ್ಮೆ ತಪ್ಪಿತು. ಅದರ ಬಗ್ಗೆ ಅವರು ಮನೆಯಲ್ಲಿ ಹೇಳಿದ್ದು ಒಂದೇ ಮಾತು, ಅದನ್ನು ಅವರ ಪತ್ನಿ ನನಗೆ ಹೇಳಿದರು: "ಮುಂದಿನ ವಾರ ಅದೇ ಅಂಗಡಿಯ ಮೆಟ್ಟಿಲು ಹತ್ತಬೇಕಾದವನು ನಾನಲ್ಲವೆ?"

ಅವರ ಜೇಬಿನಲ್ಲಿ ಸದಾ ಒಂದು ನೋಟ್ ಪುಸ್ತಕ ಇರುತ್ತಿತ್ತು. ಎಡಗಡೆಯ ಪುಟದಲ್ಲಿ ಆರ್ಡರ್ ಮತ್ತು ಬಾಕಿ. ಬಲಗಡೆಯ ಪುಟದಲ್ಲಿ ವ್ಯಾಪಾರಕ್ಕೆ ಸಂಬಂಧವೇ ಇಲ್ಲದ ಸಂಗತಿಗಳು: ಒಬ್ಬರ ಮಗಳಿಗೆ ಪರೀಕ್ಷೆ, ಇನ್ನೊಬ್ಬರ ತಾಯಿಗೆ ಕಣ್ಣಿನ ಶಸ್ತ್ರಚಿಕಿತ್ಸೆ, ಮತ್ತೊಬ್ಬರು ತಮ್ಮನೊಡನೆ ಮಾತು ಬಿಟ್ಟಿದ್ದಾರೆ, ಆ ವಿಷಯ ಎತ್ತಬಾರದು. ಮುಂದಿನ ಭೇಟಿಗೆ ಮುನ್ನ ಬಸ್ಸಿನಲ್ಲಿ ಕುಳಿತು ಈ ಪುಟವನ್ನು ಓದಿಕೊಳ್ಳುತ್ತಿದ್ದರು. ಅಂಗಡಿಯ ಒಳಗೆ ಕಾಲಿಟ್ಟವರೇ "ಅಮ್ಮನವರ ಕಣ್ಣು ಈಗ ಹೇಗಿದೆ?" ಎಂದು ಕೇಳುವಾಗ ಎದುರಿಗಿದ್ದವರ ಮುಖದಲ್ಲಾಗುವ ಬದಲಾವಣೆಯನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ.

ಇಲ್ಲಿ ಒಂದು ಸಂದೇಹ ಏಳುವುದು ಸಹಜ, ಅದನ್ನು ಮುಚ್ಚಿಟ್ಟು ಅವರನ್ನು ಹೊಗಳಲು ನನಗೆ ಇಷ್ಟವಿಲ್ಲ. ಮಾರುವವನ ಸ್ನೇಹ ಮಾರಾಟದ ಉಪಾಯವೇ ಅಲ್ಲವೇ, ಯೋಗಕ್ಷೇಮ ವಿಚಾರಿಸುವುದು ಆರ್ಡರ್‌ಗೆ ಪೀಠಿಕೆಯಲ್ಲವೇ ಎಂದು ಅವರ ಸಹೋದ್ಯೋಗಿಗಳೇ ಕೆಲವರು ಹೇಳುತ್ತಿದ್ದರು. ಗಿರಾಕಿಯ ಹೆಸರು, ಹುಟ್ಟಿದ ದಿನ, ಅಭಿರುಚಿಗಳನ್ನು ಬರೆದಿಟ್ಟುಕೊಳ್ಳುವಂತೆ ಮಾರಾಟದ ತರಬೇತಿಯಲ್ಲಿ ಕಲಿಸುತ್ತಾರೆ ಎಂಬುದೂ ನಿಜ. ಇಂದು ಅದೇ ಕೆಲಸಕ್ಕೆ ಕಂಪನಿಗಳು ದೊಡ್ಡ ಸಾಫ್ಟ್‌ವೇರ್‌ಗಳನ್ನೇ ಇಟ್ಟುಕೊಂಡಿವೆ. ಕೆಲಸದಲ್ಲಿ ಇರುವವರೆಗೆ ಈ ಸಂದೇಹಕ್ಕೆ ಯಾವ ಪ್ರತಿನಿಧಿಯೂ ಪೂರ್ತಿ ಉತ್ತರ ಕೊಡಲಾರ, ಏಕೆಂದರೆ ಅವನ ಪ್ರೀತಿ ಮತ್ತು ಅವನ ಸಂಬಳ ಒಂದೇ ದಾರಿಯಲ್ಲಿ ನಡೆಯುತ್ತಿರುತ್ತವೆ. ಅವೆರಡೂ ಬೇರೆಯಾಗುವುದು ನಿವೃತ್ತಿಯ ದಿನ.

ನಿವೃತ್ತರಾದ ಮೇಲೆ ಅವರು ಆ ಪುಸ್ತಕವನ್ನು ಮುಚ್ಚಲಿಲ್ಲ. ಮೊನ್ನೆ ಅವರ ಮಗಳು ಆ ಪುಸ್ತಕಗಳ ಕಟ್ಟನ್ನು ನನ್ನ ಮುಂದೆ ಬಿಚ್ಚಿದರು. ನಿವೃತ್ತಿಯ ನಂತರದ ಪುಸ್ತಕಗಳಲ್ಲಿ ಎಡಗಡೆಯ ಪುಟಗಳೆಲ್ಲ ಖಾಲಿ. ಬಲಗಡೆಯವು ಮೊದಲಿನಂತೆಯೇ ತುಂಬಿವೆ. ಅದೇ ಅಂಗಡಿಗಳವರು, ಅವರ ಮಕ್ಕಳು, ಈಚಿನ ಪುಸ್ತಕಗಳಲ್ಲಿ ಆ ಮಕ್ಕಳ ಮಕ್ಕಳು. ಕಾಲು ಗಟ್ಟಿಯಿರುವವರೆಗೆ ಬಸ್ ಹತ್ತಿ ಹಳೆಯ ಏರಿಯಾಕ್ಕೆ ಹೋಗಿಬರುತ್ತಿದ್ದರು. ಬ್ಯಾಗಿಲ್ಲ, ಸ್ಯಾಂಪಲ್ ಇಲ್ಲ, ಬರೆದುಕೊಳ್ಳಬೇಕಾದ ಆರ್ಡರ್ ಇಲ್ಲ. ಗಿರಾಕಿ ಇದ್ದರೆ ಮಾತ್ರ ಮೊದಲಿನಂತೆ ಹೊರಗೆ ನಿಂತು ಕಾಯುತ್ತಿದ್ದರಂತೆ. ಒಬ್ಬ ವ್ಯಾಪಾರಿ ನನಗೆ ಹೇಳಿದರು, ನಮ್ಮ ಹಿರಿಯರು ನಿವೃತ್ತರಾಗಿ ಮೊದಲ ಸಲ ಬಂದಾಗ, ಹಳೆಯ ಲೆಕ್ಕ ಏನಾದರೂ ಉಳಿದಿದೆಯೇನೋ ಎಂದು ಆ ವ್ಯಾಪಾರಿಯೇ ಗಾಬರಿಯಿಂದ ಅಂಗಡಿಯ ಲೆಕ್ಕದ ಪುಸ್ತಕ ತೆಗೆದು ನೋಡಿದರಂತೆ. ಸುಮ್ಮನೆ ನೋಡಿಕೊಂಡು ಹೋಗಲು ಬಂದಿದ್ದಾರೆ ಎಂದು ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಊರೂರು ತಿರುಗುವ ಕೆಲಸ ಎಂದರೆ ಸದಾ ಜನರ ನಡುವೆ ಇರುವ ಕೆಲಸ ಎಂದು ಹೊರಗಿನವರು ತಿಳಿಯುತ್ತಾರೆ. ಹಗಲಿಗೆ ಆ ಮಾತು ಸರಿ. ಸಂಜೆ ಅಂಗಡಿಗಳು ಬಾಗಿಲು ಹಾಕಿದ ಮೇಲೆ ಲಾಡ್ಜಿನ ಕೋಣೆಯಲ್ಲಿ ಕುಳಿತವನ ಒಂಟಿತನ ಬೇರೆಯದೇ. ಇದು ಎಲ್ಲ ದೇಶಗಳ ಪ್ರತಿನಿಧಿಗಳಿಗೂ ಗೊತ್ತಿರುವ ಸಂಗತಿ. 1898ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಹೋಟೆಲೊಂದರಲ್ಲಿ ಕೊಠಡಿಗಳೆಲ್ಲ ತುಂಬಿದ್ದರಿಂದ, ಪರಸ್ಪರ ಪರಿಚಯವಿಲ್ಲದ ಇಬ್ಬರು ಮಾರಾಟ ಪ್ರತಿನಿಧಿಗಳು ಒಂದೇ ಕೋಣೆ ಹಂಚಿಕೊಳ್ಳಬೇಕಾಯಿತು. ಆ ರಾತ್ರಿಯ ಮಾತುಕತೆಯಿಂದ ಮೂಡಿದ ಆಲೋಚನೆಯೇ ಮರುವರ್ಷ ಗಿಡಿಯನ್ಸ್ ಎಂಬ ಪ್ರತಿನಿಧಿಗಳ ಕ್ರೈಸ್ತ ಸಂಘವಾಯಿತು. ಹೋಟೆಲ್ ಕೊಠಡಿಗಳಲ್ಲಿ ಬೈಬಲ್ ಇಡುವ ಕೆಲಸವನ್ನು 1908ರಲ್ಲಿ ಆರಂಭಿಸಿದ್ದು ಇವರೇ. ಮನೆಯಿಂದ ದೂರ ಮಲಗುವವನ ರಾತ್ರಿ ಎಂಥದೆಂದು ಆ ರಾತ್ರಿಗಳನ್ನು ಕಳೆದವರಿಗೇ ತಿಳಿದಿತ್ತು.

ನಮ್ಮ ಹಿರಿಯರು ಆ ಹೊತ್ತನ್ನು ಕಾಗದ ಬರೆಯುವುದಕ್ಕೆ ಮೀಸಲಿಟ್ಟಿದ್ದರು. ದಿನದ ರಿಪೋರ್ಟ್ ಬರೆದು ಮುಗಿಸಿದ ಮೇಲೆ ಮನೆಗೊಂದು ಕಾಗದ. ಫೋನ್ ಎಲ್ಲರ ಕೈಗೆ ಬಂದ ಮೇಲೂ ಅದನ್ನು ನಿಲ್ಲಿಸಲಿಲ್ಲ. ಮಕ್ಕಳಿಬ್ಬರಿಗೂ ಒಂದೇ ಕಾಗದದಲ್ಲಿ ಬರೆದರೆ ಯಾರಿಗೂ ಬರೆದಂತಾಗುವುದಿಲ್ಲ ಎಂದು ಇಬ್ಬರಿಗೂ ಬೇರೆ ಬೇರೆ ಬರೆಯುತ್ತಿದ್ದರು. ಅವುಗಳಲ್ಲಿ ಉಪದೇಶ ಇಲ್ಲ. ಅಂದು ಕಂಡ ಜಾತಿ ಗೊತ್ತಿಲ್ಲದ ಹಕ್ಕಿ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಹೇಳಿದ ಕಥೆ, ಮಳೆಗೆ ರಸ್ತೆ ಕಡಿದು ನಡೆದು ಹೋಗಬೇಕಾದ ಪ್ರಸಂಗ. ಕೊನೆಯಲ್ಲಿ ಮಕ್ಕಳಿಗೆ ಒಂದು ಪ್ರಶ್ನೆ, ಉತ್ತರವನ್ನು ತಾನು ಬಂದಾಗ ಹೇಳಬೇಕು. ಅವರ ಮಗ ಆ ಪ್ರಶ್ನೆಗಳಿಗೆ ಉತ್ತರ ಹುಡುಕಲೆಂದೇ ಗ್ರಂಥಾಲಯದ ಬಾಗಿಲು ಕಂಡರಂತೆ.

ಗಣಿತದಲ್ಲಿ ಮಾರಾಟ ಪ್ರತಿನಿಧಿಯ ಹೆಸರಿನಲ್ಲೇ ಪ್ರಸಿದ್ಧವಾದ ಒಂದು ಸಮಸ್ಯೆ ಇದೆ. ಹಲವು ಊರುಗಳಿಗೆ ಒಂದೊಂದೇ ಸಲ ಹೋಗಿ, ಹೊರಟ ಊರಿಗೇ ಮರಳಬೇಕು. ಅತಿ ಕಡಿಮೆ ದೂರದ ದಾರಿ ಯಾವುದು? 1832ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ, ತಿರುಗಾಟದ ವ್ಯಾಪಾರಿಗಳಿಗಾಗಿಯೇ ಬರೆದ ಕೈಪಿಡಿಯೊಂದರಲ್ಲಿ ಇದರ ಪ್ರಸ್ತಾಪವಿದೆ. ಕೇಳಲು ಸುಲಭ, ಆದರೆ ಹತ್ತೇ ಊರುಗಳಿದ್ದರೂ 1,81,440 ಬೇರೆ ಬೇರೆ ದಾರಿಗಳಾಗುತ್ತವೆ. ಡಾಂಟ್ಸಿಗ್, ಫುಲ್ಕರ್‌ಸನ್ ಮತ್ತು ಜಾನ್ಸನ್ ಎಂಬ ಮೂವರು ಗಣಿತಜ್ಞರು 1954ರಲ್ಲಿ 49 ನಗರಗಳ ದಾರಿಯನ್ನು ಬಿಡಿಸಿದ್ದೇ ಅಂದಿಗೆ ದೊಡ್ಡ ಸಾಧನೆಯಾಗಿತ್ತು. ನಮ್ಮ ಹಿರಿಯರು ತಮ್ಮ ಟೂರ್ ಪ್ರೋಗ್ರಾಂ ಹಾಕುವಾಗ ಲೆಕ್ಕ ಹಿಡಿಯುತ್ತಿದ್ದದ್ದು ದೂರವನ್ನಲ್ಲ. ಮಗಳ ಶಾಲೆಯ ಸಮಾರಂಭದ ದಿನ, ಮಗನ ಪರೀಕ್ಷೆಯ ಹಿಂದಿನ ರಾತ್ರಿ, ಹೆಂಡತಿ ತನ್ನ ತಾಯಿಯನ್ನು ವೈದ್ಯರ ಬಳಿ ಕರೆದೊಯ್ಯುವ ದಿನ, ಇವನ್ನು ಮೊದಲು ಗುರುತು ಹಾಕಿಕೊಂಡು ಊರುಗಳನ್ನು ಅದರ ಸುತ್ತ ಜೋಡಿಸುತ್ತಿದ್ದರು. ಇದರಿಂದ ಕೆಲವು ವಾರ ಹೆಚ್ಚು ಸುತ್ತಬೇಕಾಗುತ್ತಿತ್ತು. ಹೆಚ್ಚಿನ ಬಸ್ ಚಾರ್ಜನ್ನು ಕಂಪನಿಯ ಭತ್ಯೆಯಲ್ಲಿ ಸೇರಿಸದೆ ತಾವೇ ಭರಿಸುತ್ತಿದ್ದರು.

ಆದರೂ ಅವರ ಮನೆಯ ಭಾರವನ್ನು ಹೊತ್ತವರು ಅವರ ಪತ್ನಿ ಎಂಬುದನ್ನು ಇಲ್ಲಿ ಹೇಳದಿದ್ದರೆ ಈ ಪತ್ರ ಅನ್ಯಾಯವಾಗುತ್ತದೆ. ವಾರದ ಹೆಚ್ಚಿನ ದಿನ ಗಂಡ ಮನೆಯಲ್ಲಿಲ್ಲದ ಸಂಸಾರದಲ್ಲಿ ಮಕ್ಕಳ ಜ್ವರ, ನೀರಿನ ತೊಂದರೆ, ಶಾಲೆಯ ಶುಲ್ಕ, ಹಿರಿಯರ ಔಷಧಿ ಎಲ್ಲವನ್ನೂ ಅವರೊಬ್ಬರೇ ನೋಡಿಕೊಂಡರು. ಗಂಡ ಮನೆಗೆ ಬಂದ ದಿನಗಳಲ್ಲೂ ಅವರು ಪೂರ್ತಿಯಾಗಿ ಮನೆಯವರಿಗೆ ಸಿಗುತ್ತಿರಲಿಲ್ಲ ಎಂದು ಮಗಳು ನೇರವಾಗಿಯೇ ಹೇಳಿದರು: ಬೀದಿಯ ತುದಿಯಿಂದ ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಹತ್ತು ಜನರನ್ನು ಮಾತಾಡಿಸಿ ಬರುವ ತಂದೆಗಾಗಿ ಮಕ್ಕಳು ಕಿಟಕಿಯಲ್ಲಿ ಕಾಯಬೇಕಿತ್ತು, ಬಂದವರ ಹಿಂದೆ ಒಬ್ಬರಾದರೂ ಅತಿಥಿ ಇದ್ದೇ ಇರುತ್ತಿದ್ದರು. ಜನಪ್ರಿಯರಾದವರ ಮನೆಯವರು ತೆರುವ ಬೆಲೆ ಇದು. ಅದನ್ನು ಅವರೂ ಬಲ್ಲವರಾಗಿದ್ದರು. ನಿವೃತ್ತಿಯ ಮರುದಿನದಿಂದ ಬೆಳಗಿನ ಅಡುಗೆಮನೆಯ ಕೆಲಸವನ್ನು ತಾವು ವಹಿಸಿಕೊಂಡು, ಪತ್ನಿಗೆ ಅಷ್ಟು ವರ್ಷ ಸಿಗದ ಓದುವ ಸಮಯವನ್ನು ಬಿಡಿಸಿಕೊಟ್ಟರು. ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟುಕೊಡಲಿಲ್ಲ. ಆ ಶಾಲೆಯ ಕಾವಲುಗಾರರಿಂದ ಹಿಡಿದು ಮುಖ್ಯೋಪಾಧ್ಯಾಯರವರೆಗೆ ಎಲ್ಲರ ಮನೆಯ ವಿಷಯವೂ ಸ್ವಲ್ಪ ದಿನದಲ್ಲೇ ಬಲಗಡೆಯ ಪುಟಗಳಿಗೆ ಸೇರಿದವು.

ಇಷ್ಟು ಜನರ ಪರಿಚಯ ಇಟ್ಟುಕೊಂಡು ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಇದಕ್ಕೆ ಉತ್ತರದಂಥ ಸಂಗತಿಯೊಂದಿದೆ. ಪರಿಚಿತರ ಮೂಲಕ ಕೆಲಸ ಸಿಕ್ಕವರನ್ನು ಅವರು ವಿಚಾರಿಸಿದಾಗ, ಪದೇ ಪದೇ ಭೇಟಿಯಾಗುವ ಆಪ್ತರಿಂದ ಸುದ್ದಿ ತಿಳಿದವರು ಸುಮಾರು ಆರರಲ್ಲಿ ಒಬ್ಬರು ಮಾತ್ರ. ಉಳಿದವರಿಗೆಲ್ಲ ಸುದ್ದಿ ಬಂದದ್ದು ಎಂದಾದರೊಮ್ಮೆ ಕಾಣುವ ಪರಿಚಿತರಿಂದ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ದೂರದಿಂದಲೇ ಬರಬೇಕು. ನಮ್ಮ ಹಿರಿಯರು ಬದುಕಿನುದ್ದಕ್ಕೂ ಆ ದೂರದ ಪರಿಚಿತರಾಗಿದ್ದವರು. ಒಂದು ಊರಿನಲ್ಲಿ ಲೆಕ್ಕ ಬರೆಯಲು ಜನ ಬೇಕು, ಇನ್ನೊಂದು ಊರಿನಲ್ಲಿ ಲೆಕ್ಕ ಕಲಿತ ಹುಡುಗಿ ಕೆಲಸವಿಲ್ಲದೆ ಕುಳಿತಿದ್ದಾಳೆ. ಈ ಎರಡೂ ಸಂಗತಿ ಒಂದೇ ಪುಸ್ತಕದಲ್ಲಿ ಬರೆದಿರುತ್ತಿದ್ದವು. ಯಾವ ಕಾಯಿಲೆಗೆ ಎಲ್ಲಿ ಒಳ್ಳೆಯ ವೈದ್ಯರಿದ್ದಾರೆ, ಓದಲು ಬರುವ ಮಕ್ಕಳಿಗೆ ಎಲ್ಲಿ ಕೋಣೆ ಸಿಗುತ್ತದೆ ಎಂದು ಅವರನ್ನು ಕೇಳಿ ತಿಳಿಯುತ್ತಿದ್ದವರಿಗೆ ಲೆಕ್ಕವಿಲ್ಲ. ಇದಕ್ಕಾಗಿ ಅವರು ಯಾರಿಂದಲೂ ಏನನ್ನೂ ಪಡೆದದ್ದು ನಾನು ಕಾಣೆ.

ಸ್ವತಃ ಅವರಿಗೂ ಇದರಿಂದ ಒಳ್ಳೆಯದಾಯಿತೆಂದೇ ನನ್ನ ಭಾವನೆ. ನಿವೃತ್ತಿಯೊಡನೆ ಫೋನ್ ಬರುವುದು ನಿಂತುಹೋಗಿ, ವರ್ಷ ತುಂಬುವುದರೊಳಗೆ ಕುಗ್ಗಿಹೋದ ಎಷ್ಟೋ ಸಹೋದ್ಯೋಗಿಗಳನ್ನು ನಾನು ಕಂಡಿದ್ದೇನೆ. 148 ಅಧ್ಯಯನಗಳನ್ನು, ಅವುಗಳಲ್ಲಿ ಭಾಗವಹಿಸಿದ್ದ ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಸಾಮಾಜಿಕ ಸಂಬಂಧಗಳು ಗಟ್ಟಿಯಾಗಿರುವವರು ಬದುಕುಳಿಯುವ ಸಂಭವ ಇತರರಿಗಿಂತ ಶೇ 50ರಷ್ಟು ಹೆಚ್ಚು ಎಂದು ತೋರಿಸಿತು. ಅಂಕಿ ಅಂಶಗಳಿಂದ ಒಬ್ಬರ ಆಯುಸ್ಸನ್ನು ಅಳೆಯಲಾಗದು, ನಿಜ. ಆದರೆ ಕೊನೆಯ ಕಾಯಿಲೆಯಲ್ಲಿ ಅವರ ಹಾಸಿಗೆಯ ಬಳಿ ಸರದಿಯಂತೆ ಬಂದು ಕುಳಿತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ರಕ್ತಸಂಬಂಧಿಗಳಾಗಿರಲಿಲ್ಲ. ಪುಸ್ತಕದಲ್ಲಿ ಒಂದು ಕಾಲಕ್ಕೆ "ಮಗನಿಗೆ ಪರೀಕ್ಷೆ" ಎಂದು ದಾಖಲಾಗಿದ್ದ ಮಕ್ಕಳು ತಲೆ ನರೆತವರಾಗಿ ಅಲ್ಲಿಗೆ ಬಂದಿದ್ದರು.

ಇನ್ನು ನನ್ನ ಕೋರಿಕೆ. ದೊಡ್ಡ ಹುದ್ದೆಯಲ್ಲಿದ್ದವರು, ಪ್ರಶಸ್ತಿ ಪಡೆದವರು ತೀರಿಕೊಂಡಾಗ ಪತ್ರಿಕೆಗಳು ಅವರ ಬದುಕನ್ನು ವಿವರವಾಗಿ ಪರಿಚಯಿಸುತ್ತವೆ, ಅದು ಸರಿಯಾದದ್ದೇ. ಉಳಿದವರ ಪಾಲಿಗೆ ಬರುವುದು ಹುದ್ದೆ, ವಯಸ್ಸು, ಬದುಕಿರುವವರ ಪಟ್ಟಿ, ಅಂತ್ಯಕ್ರಿಯೆಯ ಸಮಯ. ಇದು ಹೀಗೆಯೇ ಇರಬೇಕೆಂದೇನೂ ಇಲ್ಲ. ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ, ಪ್ರಸಿದ್ಧರಲ್ಲದವರ ಬದುಕನ್ನು ಅವರ ಬಂಧುಗಳೋ ಸ್ನೇಹಿತರೋ ಬರೆದು ಕಳುಹಿಸುವ ಅಂಕಣವೊಂದನ್ನು ನಡೆಸುತ್ತಾ ಬಂದಿದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ನ್ಯೂಯಾರ್ಕ್ ಟೈಮ್ಸ್, ಸತ್ತವರಲ್ಲಿ ಹುದ್ದೆಯ ಭೇದ ಮಾಡದೆ, ಒಬ್ಬೊಬ್ಬರ ಬಗ್ಗೆ ಸುಮಾರು 200 ಪದಗಳ ಪುಟ್ಟ ಪರಿಚಯಗಳನ್ನು ತಿಂಗಳುಗಟ್ಟಲೆ ಪ್ರಕಟಿಸಿತು. ಅವುಗಳಲ್ಲಿ ಇದ್ದದ್ದು ಅವರ ಸಾಧನೆಗಳ ಪಟ್ಟಿಯಲ್ಲ, ಅವರ ಹವ್ಯಾಸ, ಅವರ ಪ್ರೀತಿ, ಅವರು ಮನೆಯಲ್ಲಿ ಹೇಗಿದ್ದರು ಎಂಬ ಸಣ್ಣ ವಿವರಗಳು.

ತಮ್ಮ ಪತ್ರಿಕೆಯೂ ವಾರಕ್ಕೊಮ್ಮೆಯಾದರೂ ಅಂಥ ಒಂದು ಅಂಕಣಕ್ಕೆ ಜಾಗ ಕೊಡಬೇಕೆಂದು ವಿನಂತಿಸುತ್ತೇನೆ. ಜಾಹೀರಾತಿನಂತೆ ಅದಕ್ಕೆ ಹಣ ಪಡೆಯಬಾರದು. ಹಣ ಕೊಡಬಲ್ಲವರ ನೆನಪಷ್ಟೇ ಉಳಿಯುವಂತಾದರೆ ಉದ್ದೇಶವೇ ಕೆಟ್ಟುಹೋಗುತ್ತದೆ. ಬರೆಯುವವರಿಗೆ ಪದಗಳ ಮಿತಿ ಇರಲಿ. "ಸ್ನೇಹಜೀವಿ", "ಅಜಾತಶತ್ರು" ಎಂಬ ಸಿದ್ಧ ವಿಶೇಷಣಗಳನ್ನು ತಮ್ಮ ಸಂಪಾದಕೀಯ ಬಳಗ ತೆಗೆದುಹಾಕಿ, ಆ ವ್ಯಕ್ತಿ ಒಂದು ಸಂದರ್ಭದಲ್ಲಿ ನಿಜವಾಗಿ ಏನು ಮಾಡಿದರು ಎಂದು ಕೇಳಿ ಬರೆಸಲಿ. ಮನೆಯವರ ಮಾತಿನ ಜೊತೆಗೆ ಹೊರಗಿನ ಒಬ್ಬರ ಮಾತೂ ಇರಲಿ; ಮಾರಾಟ ಪ್ರತಿನಿಧಿಯಂಥವರ ವಿಷಯದಲ್ಲಂತೂ ಅವರ ಬದುಕಿನ ಅರ್ಧ ಭಾಗ ಮನೆಯವರು ಕಾಣದ ಊರುಗಳಲ್ಲಿ ಕಳೆದಿರುತ್ತದೆ. ಸಾಧ್ಯವಾದರೆ, ಸಾವಿನ ಸುದ್ದಿ ಬಂದ ವಾರದಲ್ಲೇ ಅವಸರ ಮಾಡದೆ, ದುಃಖ ಸ್ವಲ್ಪ ಇಳಿದ ಮೇಲೆ, ಎರಡು ಮೂರು ತಿಂಗಳ ನಂತರ ಬರೆಸುವುದು ಒಳ್ಳೆಯದು. ಆ ಹೊತ್ತಿಗೆ ದೂರದ ಪರಿಚಿತರಿಗೂ ಸುದ್ದಿ ಮುಟ್ಟಿ, ಅವರಿಂದ ಹೊಸ ಸಂಗತಿಗಳು ತಿಳಿದುಬಂದಿರುತ್ತವೆ.

ಅಂಕಣ ಆರಂಭವಾಗುವುದಾದರೆ ಈ ಹಿರಿಯರ ಬಗ್ಗೆ ತಾವು ಹೇಳಿದ ಮಿತಿಯೊಳಗೆ ಬರೆದುಕೊಡಲು ನಾನು ಸಿದ್ಧನಿದ್ದೇನೆ. ಅವರ ಪತ್ನಿ ತಮ್ಮ ಬಳಿ ಉಳಿದಿರುವ ಕಾಗದಗಳಿಂದ ಕೆಲವು ಸಾಲುಗಳನ್ನು ಬಳಸಿಕೊಳ್ಳಲು ಒಪ್ಪಿದ್ದಾರೆ, ಮಗಳು ನೋಟ್ ಪುಸ್ತಕದ ಒಂದು ಪುಟದ ಚಿತ್ರವನ್ನು, ಅದರಲ್ಲಿರುವವರ ಹೆಸರುಗಳನ್ನು ಮರೆಮಾಡಿ, ಕೊಡುವುದಾಗಿ ತಿಳಿಸಿದ್ದಾರೆ. ತಮ್ಮ ಉತ್ತರವನ್ನು ನಿರೀಕ್ಷಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮಾರಾಟ ಪ್ರತಿನಿಧಿ